ಯೋಜನಾ ಸಭೆಯ ಹದ್ದು

ಕಾಡಿನ ಯೋಜನಾ ಸಭೆಗೆ ಬಹಳ ಕಾಲ ಆಮೆಯೇ ಅಧ್ಯಕ್ಷನಾಗಿತ್ತು. ಯಾರು ಏನೇ ಕೇಳಲಿ, ಅದು ಅಲ್ಲಿಗೆ ನಡೆದೇ ಹೋಗಿ, ಅಲ್ಲಿನ ನೀರು ಕುಡಿದು, ಆಮೇಲೆ ಮಾತಾಡುತ್ತಿತ್ತು. ಆಮೆ ತೀರಿಕೊಂಡ ಮೇಲೆ, ಇನ್ನು ತಡವಾಗಬಾರದೆಂದು, ಹದ್ದನ್ನು ಆ ಜಾಗದಲ್ಲಿ ಕೂರಿಸಿದರು.

ಒಂದು ದಿನ ಮುದಿ ಕಪ್ಪೆ ಸಭೆಗೆ ಬಂತು.

"ಅಧ್ಯಕ್ಷರೇ, ನಮ್ಮ ಹೊಂಡ ಉಪ್ಪಾಗಿಹೋಗಿದೆ. ಈ ಸಲ ಒಂದು ಮರಿಯೂ ಉಳಿಯಲಿಲ್ಲ. ಬೇರೆ ಹೊಂಡ ತೋಡಿಸಿಕೊಡಿ."

"ನಿನ್ನೆ ತಾನೇ ಮೇಲಿಂದ ನೋಡಿದೆ," ಎಂದಿತು ಹದ್ದು. "ಸುತ್ತಲೂ ನೀರು ಫಳಫಳ ಹೊಳೆಯುತ್ತಿತ್ತು. ಇನ್ನೆಷ್ಟು ಬೇಕು ನಿಮಗೆ?"

"ಹೊಳೆದದ್ದು ಉಪ್ಪು, ಸ್ವಾಮಿ."

"ನನ್ನ ಕಣ್ಣಿಗೇ ಪಾಠವೋ?"

"ಛೇ, ಎಲ್ಲಾದರೂ ಉಂಟೇ! ಆಮೆಯಜ್ಜನನ್ನೂ ನಾವು ಗೇಲಿ ಮಾಡದೆ ಬಿಟ್ಟವರಲ್ಲ. 'ಈ ಮುದುಕ ಬರುವಷ್ಟರಲ್ಲಿ ನಮ್ಮ ಬಾಲ ಉದುರಿರುತ್ತದೆ' ಅಂತ ಗೊದಮೊಟ್ಟೆಗಳಾಗಿದ್ದಾಗ ನಗುತ್ತಿದ್ದೆವು. ಉದುರಿಯೂ ಇತ್ತು. ಆದರೆ ಅಜ್ಜ ಬಂದೇ ಬರುತ್ತಿದ್ದ."

ಹದ್ದಿಗೆ ರೇಗಿತು. ಕಪ್ಪೆಯ ಸುಳ್ಳು ಬಯಲು ಮಾಡಲೆಂದೇ ಹಾರಿಹೋಗಿ ಹೊಂಡದಲ್ಲಿ ಕೊಕ್ಕು ಅದ್ದಿತು. ಮರುಕ್ಷಣವೇ ಥೂ ಎಂದು ಉಗುಳಿತು. ಕಪ್ಪೆ ಏದುಸಿರು ಬಿಡುತ್ತಾ ಬಂದು ಸೇರುವವರೆಗೂ ಹದ್ದು ದಡದಲ್ಲೇ ಕಾದು ಕೂತಿತ್ತು.

"ಹೊಸ ಹೊಂಡ ಎಲ್ಲಿ ಬೇಕು, ತೋರಿಸು," ಎಂದಿತು ಕೊನೆಗೆ.

ಕಪ್ಪೆ ಮುಂದೆ ಹೊರಟಿತು. ಹದ್ದು ರೆಕ್ಕೆ ಮಡಚಿಕೊಂಡು, ಅಭ್ಯಾಸವಿಲ್ಲದ ಕಾಲುಗಳಲ್ಲಿ ತಡವರಿಸುತ್ತಾ ಹಿಂದೆ ನಡೆಯಿತು. ಆಮೆಯಜ್ಜನ ನಂತರ ಮತ್ತೆ ಕೇಳಿಬಂದ ಆ ಹೆಜ್ಜೆಯ ಸಪ್ಪಳ ಇನ್ನಷ್ಟು ಹೊತ್ತು ಕೇಳಲಿ ಎಂದು ಕಪ್ಪೆ ಬೇಕೆಂದೇ ಸುತ್ತುದಾರಿ ಹಿಡಿಯಿತು.