ವಕೀಲ ಹುಡುಕಿದ ಹೆಂಗಸು

"ಗುರುಗಳೇ, ಉಪಕಾರ ಮಾಡಿದವರು ಯಾರೆಂದೇ ತಿಳಿಯದಿದ್ದರೆ ಅವರ ಋಣ ತೀರಿಸುವುದು ಹೇಗೆ?" ಎಂದು ಶಿಷ್ಯ ಮರುಳಪ್ಪ ಕೇಳಿದ. ಹಿಂದಿನ ಮಳೆಗಾಲದಲ್ಲಿ ಹೊಳೆಯ ಪಾಲಾಗಲಿದ್ದ ಅವನನ್ನು ಯಾರೋ ದಡಕ್ಕೆಳೆದು ಹಾಕಿ, ಅವನಿಗೆ ಎಚ್ಚರವಾಗುವ ಮೊದಲೇ ಹೊರಟುಹೋಗಿದ್ದರು.

ಗುರುಗಳು ಹೇಳತೊಡಗಿದರು.

ಅಮೆರಿಕದಲ್ಲಿ ಒಬ್ಬ ವಕೀಲನಿದ್ದ. ಆಗ ಆ ದೇಶದ ದಕ್ಷಿಣದಲ್ಲಿ ಕಪ್ಪು ಜನರನ್ನು ದನಗಳಂತೆ ಮಾರುತ್ತಿದ್ದರು. ಇದರಿಂದಲೇ ಉತ್ತರಕ್ಕೂ ದಕ್ಷಿಣಕ್ಕೂ ಯುದ್ಧ ಹತ್ತಿಕೊಂಡಿತು. ಉತ್ತರದವನಾದ ವಕೀಲ ಕೋರ್ಟು ಬಿಟ್ಟು ಸೈನ್ಯ ಸೇರಿದ. ಗುಲಾಮರ ಮೇಲಿನ ಮರುಕದಿಂದೇನೂ ಅಲ್ಲ. ಊರವರೆಲ್ಲ ಹೊರಟಿದ್ದರು, ಅವನೂ ಹೊರಟ.

ಒಂದು ಕಾಳಗದಲ್ಲಿ ಮದ್ದು ಸಿಡಿದು ಅವನಿಗೆ ಕಣ್ಣು ಕಾಣದಾಯಿತು. ತೊಡೆಗೆ ಗುಂಡೂ ತಾಗಿತ್ತು. ಅವನ ಪಡೆ ಹಿಂದೆ ಸರಿಯಿತು. ಅವನು ಶತ್ರುಗಳ ನೆಲದಲ್ಲೇ ಉಳಿದ. ಒಬ್ಬ ಗುಲಾಮ ಹೆಂಗಸು ಅವನನ್ನು ಎಳೆದು ತಂದು ತನ್ನ ಒಡೆಯನ ಹುಲ್ಲಿನ ಕೊಟ್ಟಿಗೆಯಲ್ಲೇ ಬಚ್ಚಿಟ್ಟಳು. ಗಾಯ ತೊಳೆದಳು, ತನ್ನ ಪಾಲಿನ ಗಂಜಿಯನ್ನು ಅವನಿಗೆ ಕುಡಿಸಿದಳು. ಒಡೆಯನಿಗೆ ತಿಳಿದಿದ್ದರೆ ಅವಳ ಜೀವ ಉಳಿಯುತ್ತಿರಲಿಲ್ಲ.

"ನಿನ್ನ ಹೆಸರೇನು ತಾಯಿ?" ಎಂದು ಅವನು ಕೇಳಿದ.

"ನಿಮ್ಮನ್ನು ಹಿಡಿದು ಹೊಡೆದರೆ ಬಾಯಿಬಿಟ್ಟೀರಿ. ಹೆಸರು ಬೇಡ, ಗಂಜಿ ಕುಡಿಯಿರಿ" ಎಂದಳು.

ಮುಂದೆ ಅವನ ಪಡೆ ಮತ್ತೆ ಬಂದು ಆ ಊರನ್ನು ಗೆದ್ದಿತು. ಅಷ್ಟರಲ್ಲಿ ಒಡೆಯ ತನ್ನ ಗುಲಾಮರನ್ನೆಲ್ಲ ಬಂಡಿಗಳಲ್ಲಿ ತುಂಬಿಕೊಂಡು ಓಡಿಹೋಗಿದ್ದ. ವಕೀಲನಿಗೆ ಮತ್ತೆ ಕಣ್ಣು ಕಾಣುವಂತಾದಾಗ ನೋಡಲು ಅವಳಿರಲಿಲ್ಲ.

ಯುದ್ಧ ಮುಗಿಯಿತು, ಗುಲಾಮರಿಗೆ ಬಿಡುಗಡೆಯಾಯಿತು. ಅವನು ಊರೂರು ಅಲೆದು ವಿಚಾರಿಸಿದ. ಕೊಟ್ಟಿಗೆಯ ಸಂಗತಿ ಕೇಳಿ 'ಅದು ನಾನೇ' ಎಂದವರು ಯಾರೂ ಇಲ್ಲ. ಕೆಲಕಾಲದ ಮೇಲೆ ಶಾಸನಸಭೆಗೆ ಆರಿಸಿ ಬಂದ. ಬಿಡುಗಡೆಯಾದವರಿಗೆ ಮತ ಹಾಕುವ ಹಕ್ಕು ಬೇಕು, ಅವರ ಮಕ್ಕಳಿಗೆ ಶಾಲೆ ಬೇಕು ಎಂದು ಹಟ ಹಿಡಿದ.

"ನಿನಗೆ ಗಂಜಿ ಕುಡಿಸಿದವಳು ಒಬ್ಬಳು. ಇವರೆಲ್ಲರಿಗಾಗಿ ನಿನ್ನ ಸ್ಥಾನ ಯಾಕೆ ಕಳೆದುಕೊಳ್ಳುತ್ತೀಯ?" ಎಂದು ಗೆಳೆಯರು ಎಚ್ಚರಿಸಿದರು.

"ಅವಳ ಮುಖ ನಾನು ನೋಡಿಲ್ಲ. ಇವರಲ್ಲಿ ಯಾರಿಗೆ ಇಲ್ಲ ಎಂದರೂ ಅವಳಿಗೇ ಇಲ್ಲ ಎಂದಂತಾದೀತು" ಎಂದ.

ಮುಂದಿನ ಚುನಾವಣೆಯಲ್ಲಿ ಜನ ಅವನನ್ನು ಸೋಲಿಸಿದರು. ಅವನು ಕೊರಗಲಿಲ್ಲ. ಮತ್ತೆ ಕೋರ್ಟಿಗೆ ಹೋಗಿ, ಉಳುವ ನೆಲ ಕಳೆದುಕೊಂಡ ಕಪ್ಪು ಜನರ ಪರವಾಗಿ ವಾದಿಸಿದ. ಮುದುಕನಾದ ಮೇಲೂ, ಅವರಲ್ಲಿ ಯಾವ ಹೆಂಗಸು ಬಾಗಿಲಿಗೆ ಬಂದರೂ ಎದ್ದು ನಿಂತು ಕುರ್ಚಿ ಕೊಡುತ್ತಿದ್ದ. ಹಾಗೆ ಎದ್ದು ನಿಲ್ಲುವುದರಲ್ಲೇ ಅವನಿಗೊಂದು ಸಂತೋಷವಿತ್ತು.

"ಪಾಪ, ಅವಳು ಕೊನೆಗೂ ಸಿಗಲಿಲ್ಲವೆ?" ಎಂದು ಮರುಳಪ್ಪ ಮರುಗಿದ.

ಗುರುಗಳು ಹೇಳಿದರು: "ಸಿಕ್ಕಿದ್ದರೆ ಅವಳೊಬ್ಬಳ ಋಣ ತೀರಿಸಿ ಸುಮ್ಮನಾಗಿಬಿಡುತ್ತಿದ್ದ."