ಕೊಟ್ಟಿಗೆಯ ಸಾಲು

ಹೊಳೆದಂಡೆಯ ಮಠದಲ್ಲಿ ಮೂರು ಸಾವಿರ ಓಲೆಗರಿ ಕಟ್ಟು ಇದ್ವು. ಯಾವುದು ಎಲ್ಲಿದೆ ಅಂತ ಗೊತ್ತಿದ್ದದ್ದು ಒಂದೇ ತಲೆಗೆ. ಆ ತಲೆ ಗುರುಗಳದ್ದು. ಅವರಿಗೋ ಕಣ್ಣು ಹೋಗಿ ವರ್ಷಗಳಾಗಿತ್ತು.

ಯಾರಾದ್ರೂ ಏನಾದ್ರೂ ಕೇಳ್ಕೊಂಡು ಬಂದ್ರೆ ಗುರುಗಳು ಮೊದಲು ಮಜ್ಜಿಗೆ ಕೊಡಿಸೋರು. ಯಾವೂರು, ಮನೇಲಿ ಯಾರ್ಯಾರು, ನಿನ್ನೆ ಏನುಂಡ್ರಿ... ಬಿಸಿಲು ಇಳಿಯೋವರೆಗೂ ಹರಟೆ. ಆಮೇಲೆ, "ಮೂರನೇ ಗೂಡು, ಮೇಲಿಂದ ಏಳನೇ ಕಟ್ಟು ತಗೋ" ಅನ್ನೋರು.

ಶಿಷ್ಯ ನಂಜೇದೇವನಿಗೆ ಕಾದು ಕಾದು ಆಕಳಿಕೆ.

"ಬುದ್ಧಿ, ನೀವು ಹೋದ್ಮೇಲೆ ಇವನ್ನೆಲ್ಲ ಹುಡುಕೋರ್ಯಾರು?"

"ನಾನೆಲ್ಲಿಗೆ ಹೋಗ್ತೀನೋ?"

"ಎಲ್ಲರೂ ಹೋಗೋ ಕಡೆಗೇ."

ಗುರುಗಳು ನಕ್ಕುಬಿಟ್ರು. "ಹಾಗಾದ್ರೆ ನೀನೇ ಏನಾದ್ರೂ ದಾರಿ ಮಾಡಪ್ಪ."

ನಂಜೇದೇವ ಕಟ್ಟುಗಳನ್ನೆಲ್ಲ ಖಾಲಿ ಕೊಟ್ಟಿಗೆಗೆ ಹೊತ್ತ. ಎರಡು ಮಳೆಗಾಲ ಅಲ್ಲೇ ಕೂತ. ಒಂದು ಓಲೆ ಇನ್ನೊಂದು ಕಟ್ಟಿನ ಹೆಸರು ಹೇಳಿರುತ್ತೆ, 'ಮಿಕ್ಕಿದ್ದು ಅಲ್ಲಿ ನೋಡ್ಕೋ' ಅಂತ. ಒಂದೊಂದು ವಿಷಯಕ್ಕೆ ಒಂದೊಂದು ಸಾಲು; ಯಾವುದರ ಹೆಸರನ್ನ ಜಾಸ್ತಿ ಓಲೆಗಳು ಹೇಳ್ತವೋ ಅದು ಸಾಲಿನ ಮುಂದೆ. ಹಾಗೆ ಹೇಳಿದ್ದೇ ಮುಂದಿರೋ ಕಟ್ಟಾದ್ರೆ ಇನ್ನೂ ಮುಂದೆ. ಯಾರೂ ಹೆಸರೆತ್ತದೇ ಇರೋದು ಹಿಂದಿನ ಗೋಡೆಗೆ, ಗೆದ್ದಲಿನ ಪಕ್ಕಕ್ಕೆ.

ಆಮೇಲೆ ನೋಡಿ ಮಜಾ! ದೋಣಿ ತುಂಬ ಜನ. "ಬೆಳೆ" ಅಂದ್ರೆ ಸಾಕು, ಓಲೆ ಕೈಗೆ. "ಮದುವೆ" ಅಂದ್ರೆ ಸಾಕು, ಓಲೆ ಕೈಗೆ. ಗುರುಗಳ ಜಗಲಿ ಖಾಲಿ. ಮಜ್ಜಿಗೆ ಹುಳಿಯಾಗಿ ಚೆಲ್ಲೋದಾಯ್ತು.

ಒಂದಿನ ಮಧ್ಯಾಹ್ನ ಒಬ್ಬ ಹೆಂಗಸು ಬಂದ್ಳು.

"ನನ್ನ ಮಗಳು, ಸ್ವಾಮಿ... ಹೊತ್ತು ಮುಳುಗಿದ್ರೆ ಸಾಕು, ಕಣ್ಣು..."

"ಕಣ್ಣು ತಾನೆ?" ನಂಜೇದೇವ ಕಣ್ಣಿನ ಸಾಲಿನ ಮೊದಲನೇ ಕಟ್ಟು ಬಿಚ್ಚಿದ. "ಸೊಪ್ಪಿನ ಖಾರದ ರಸ, ದಿನಾ ಎರಡೆರಡು ಹನಿ ಬಿಡಮ್ಮ. ಮುಂದಿನವರು ಬನ್ನಿ!"

ಅವಳು ಬುಟ್ಟಿ ಇಳಿಸೋದ್ರೊಳಗೆ ಕೆಲಸ ಮುಗಿದಿತ್ತು. ಅವಳು ಅಂದದ್ದು, ತಾನು ಕೊಟ್ಟದ್ದು, ಎಲ್ಲಾನೂ ಜಂಬದಿಂದ ಗುರುಗಳಿಗೆ ಹೇಳಿದ.

ಗುರುಗಳು ಕೇಳಿದ್ರು, "ಹೊತ್ತು ಮುಳುಗಿದ್ರೆ ಅಂದ್ಳಾ?"

"ಹೂಂ."

"ಮೇಲಿನ ಹಲಗೆ ಒಡೆದ ಕಟ್ಟು ಒಂದಿತ್ತಲ್ಲ, ತಂದು ಓದು."

ಅದು ಹಿಂದಿನ ಗೋಡೇಲಿತ್ತು. ಗೆದ್ದಲು ಅರ್ಧ ತಿಂದಿತ್ತು. ಮಿಕ್ಕ ಅರ್ಧವನ್ನ ನಂಜೇದೇವ ಓದಿದ: ಇರುಳುಗುರುಡಿಗೆ ನುಗ್ಗೆಸೊಪ್ಪು ತಿನ್ನಿಸು. ಕಣ್ಣಿಗೆ ಖಾರದ ರಸ ಬಿಟ್ರೆ ಇರೋ ಬೆಳಕೂ ಹೋದೀತು.

ಓಲೆ ಹಿಡ್ಕೊಂಡೇ ಹೊಳೆಗೆ ಓಡಿದ. ದೋಣಿ ಆಚೆ ದಡ ಮುಟ್ಟಿ, ಜನ ಇಳಿದು, ಚದುರಿ ಹೋಗಿದ್ರು. ಅಲ್ಲಿಂದ ನಲವತ್ತು ಹಳ್ಳಿಗೆ ದಾರಿ.

ವಾಪಸ್ ಬಂದು ಜಗಲಿ ಕೆಳಗೆ ಕುಸಿದ.

"ಯಾವೂರಂತೆ?" ಅಂದ್ರು ಗುರುಗಳು.

"ಕೇಳ್ಲಿಲ್ಲ."

"ಹೆಸರು?"

"ಅದೂ ಕೇಳ್ಲಿಲ್ಲ, ಬುದ್ಧಿ." ಅವನಿಗೆ ಅಳು ಉಕ್ಕಿ ಬಂತು. "ಇವತ್ತೇ ರಸ ಬಿಟ್ಬಿಡ್ತಾಳೆ. ಅವಳನ್ನ ಎಲ್ಲಿ ಹುಡುಕ್ಲಿ?"

ಗುರುಗಳು ತಮ್ಮ ಕುರುಡುಗಣ್ಣನ್ನ ಕೊಟ್ಟಿಗೆ ಕಡೆ ತಿರುಗಿಸಿದ್ರು.

"ನಿನ್ನ ಸಾಲಲ್ಲೇ ಇರ್ಬೇಕಲ್ಲೋ. ಯಾರೂ ಹೆಸರು ಕೇಳದೋರು ಅಲ್ಲೇ ತಾನೆ, ಹಿಂದಿನ ಗೋಡೆಯಿಂದ ನೋಡ್ಕೊಂಡು ಬಾ."