ಊರ ಕಡೆಗೆ ತೆರೆದ ಕಿಂಡಿ

“ಗುರುಗಳೇ, ಪೇಟೆಯ ಬೀದಿಬೀದಿಗೂ ಸರ್ಕಾರದವರು ಕ್ಯಾಮೆರಾ ಹಾಕಿದ್ದಾರೆ. ಯಾರು ಎಲ್ಲಿಗೆ ಹೋದರು, ಯಾರ ಮನೆಗೆ ಯಾರು ಬಂದರು, ಎಲ್ಲವೂ ಅವರಲ್ಲಿ ಸಂಗ್ರಹವಾಗುತ್ತದೆ. ಅದು ದುರುಪಯೋಗವಾಗುವುದಿಲ್ಲವೇ?” ಎಂದು ಶಿಷ್ಯ ಮಹಾಂತ ಕೇಳಿದ. ಕೇಳಿ, ತಾನೇ ಸೇರಿಸಿದ: “ಅದನ್ನು ನೋಡುವ ಸಿಬ್ಬಂದಿಯಿಂದ, ಕಂಡದ್ದನ್ನು ಹೊರಗೆ ಬಿಡುವುದಿಲ್ಲವೆಂದು ದೊಡ್ಡ ಸಾಹೇಬರೇ ನಿಂತು ಪ್ರಮಾಣ ಮಾಡಿಸಿದ್ದಾರಂತೆ. ಭಯವಿಲ್ಲ ಅನ್ನಿಸುತ್ತದೆ.”

“ಉತ್ತರವನ್ನು ಜೇಬಿನಲ್ಲಿಟ್ಟುಕೊಂಡೇ ಪ್ರಶ್ನೆ ಕೇಳುತ್ತೀಯಲ್ಲ, ಭೇಷ್!” ಎಂದು ಗುರುಗಳು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನ ಅಂಚಿನಲ್ಲಿ ಹುಡೇವು ಇತ್ತು. ದಂಡು ಬಂದರೆ ದೂರದಿಂದಲೇ ಕಾಣಲೆಂದು ಹಿರಿಯರು ಕಟ್ಟಿಸಿದ ಕಾವಲುಗೋಪುರ ಅದು. ಕಿಂಡಿಗಳೆಲ್ಲ ಹೊರಗೆ ನೋಡುತ್ತಿದ್ದವು. ಊರ ಕಡೆಯ ಗೋಡೆಗೆ ಕಿಂಡಿಯೇ ಇರಲಿಲ್ಲ.

ಒಂದು ವರ್ಷ ಊರಲ್ಲಿ ಕಳವು ಹೆಚ್ಚಿತು. ಆ ಗೋಡೆಯಲ್ಲೂ ಕಿಂಡಿ ಕೊರೆಸಿರೆಂದು ಜನರೇ ಗೌಡನನ್ನು ಬೇಡಿಕೊಂಡರು. ತಮ್ಮ ಮನೆಯ ಸುದ್ದಿ ಬೀದಿಗೆ ಬಿದ್ದೀತೆಂಬ ಅಳುಕೂ ಅವರಿಗಿತ್ತು. ಅದಕ್ಕೆ ಗೌಡ ಕಾವಲುಗಾರನನ್ನು ಗುಡಿಗೆ ಕರೆದೊಯ್ದು, ಎಲ್ಲರ ಎದುರು ಪ್ರಮಾಣ ಮಾಡಿಸಿದ: ಕಂಡದ್ದನ್ನು ಗೌಡನಿಗಲ್ಲದೆ ಇನ್ನಾರಿಗೂ ಹೇಳಕೂಡದು. ಕಳ್ಳನೂ ಸಿಕ್ಕಿಬಿದ್ದ. ಊರು ನೆಮ್ಮದಿಯಾಗಿ ಮಲಗಿತು.

ಅದೇ ಊರಲ್ಲಿ ಒಬ್ಬ ಮುದಿ ಕುಂಬಾರ್ತಿ ಒಂಟಿಯಾಗಿದ್ದಳು. ಗಂಡನ ಹೊಡೆತ ತಾಳಲಾರದೆ ಓಡಿಬಂದ ಹುಡುಗಿಯೊಬ್ಬಳನ್ನು ಅವಳು ಮನೆಯಲ್ಲಿ ಅಡಗಿಸಿಟ್ಟುಕೊಂಡಳು. ಹುಡುಗಿ ಹೊಸ್ತಿಲು ದಾಟಲಿಲ್ಲ. ಅವಳ ಸೀರೆ ಮಾತ್ರ ಹಿತ್ತಲಲ್ಲಿ ಒಣಗುತ್ತಿತ್ತು. ಒಂಟಿ ಮುದುಕಿಯ ಹಿತ್ತಲಲ್ಲಿ ಹರೆಯದವಳ ಸೀರೆ ಕಂಡೆನೆಂದು ಕಾವಲುಗಾರ ಗೌಡನಿಗೆ ಒಪ್ಪಿಸಿದ. ಆ ಹುಡುಗಿಯ ಗಂಡ ಗೌಡನ ಅಕ್ಕನ ಮಗ. ಮರುದಿನವೇ ಬಂಡಿ ಬಂತು, ಅವಳನ್ನು ಎಳೆದೊಯ್ದರು. ಹೇಳಲೂ ಸಂಕಟವಾಗುತ್ತದೆ. ಮಳೆಗಾಲಕ್ಕೆ ಮೊದಲೇ ಅವಳು ಸತ್ತ ಸುದ್ದಿ ಬಂತು.

ಕುಂಬಾರ್ತಿ ಹುಡೇವಿನ ಬುಡದಲ್ಲಿ ನಿಂತು ಕೂಗಿದಳು: “ದೇವರ ಮುಂದ ಮಾಡಿದ ಆಣಿ ಮುರದಿ ಏನೋ, ಪಾಪಿ?”

“ಇಲ್ಲವ್ವಾ. ಗೌಡ್ರನ್ನ ಬಿಟ್ಟರ ಯಾರಿಗೂ ಹೇಳಿಲ್ಲ. ಆಣಿ ಒಂಚೂರೂ ತಪ್ಪಿಲ್ಲ” ಎಂದ ಕಾವಲುಗಾರ. ಅವನು ಹೇಳಿದ್ದು ನಿಜವೇ ಆಗಿತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮಹಾಂತ ಕೇಳಿದ: “ಹಾಗಾದರೆ ನಮ್ಮ ಪೇಟೆಯಲ್ಲಿ ಈಗ ಏನು ಮಾಡಬೇಕು, ಗುರುಗಳೇ?”

“ಪ್ರಮಾಣ ಮಾಡಿಸಿದ ಸಾಹೇಬರು ತಾವು ಯಾರ ಮುಂದೆ ಪ್ರಮಾಣ ಮಾಡಿದ್ದಾರೆ, ಕೇಳಿಕೊಂಡು ಬಾ.”